ಕೊಟ್ರಪ್ಪನ ಕುರ್ಚಿಯೂ ನೂರು ನಂಬರಿನ ಎಣ್ಣೆಯೂ

ನಮ್ಮ ಮನೆಯಲ್ಲಿ ಯಾವ ಬಾಗಿಲೂ ಕಿರುಗುಟ್ಟುವುದಿಲ್ಲ. ಗೇಟಿಗೆ ಸದ್ದಿಲ್ಲ, ಕಿಟಕಿಗೆ ಸದ್ದಿಲ್ಲ, ಅಜ್ಜಿಯ ಕಾಲದ ಬೀರು ಕೂಡ ಬಾಯಿ ಮುಚ್ಚಿಕೊಂಡೇ ತೆರೆದುಕೊಳ್ಳುತ್ತದೆ. ಇದು ಒಳ್ಳೆಯದಲ್ಲವೇ ಎಂದು ನೀವು ಕೇಳಿದರೆ ನಿಮಗೆ ಭಾವಮೈದುನರಿಲ್ಲ ಎಂದು ಅರ್ಥ. ಕಳೆದ ತಿಂಗಳು ನನ್ನ ಹೆಂಡತಿಯ ಅಣ್ಣ ಸದ್ದಿಲ್ಲದ ಗೇಟು ತೆರೆದು, ಸದ್ದಿಲ್ಲದ ಬಾಗಿಲು ತಳ್ಳಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಅವರ ಜಿಪುಣತನದ ಬಗ್ಗೆ ನಾನು ಮಾಡುತ್ತಿದ್ದ ಭಾಷಣವನ್ನು ಪೂರ್ತಿ ಕೇಳಿಸಿಕೊಂಡು, “ಆಮೇಲೆ?” ಎಂದರು. ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಅವರು ಚಹಾಕ್ಕೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಾರೆ.

ಇದಕ್ಕೆಲ್ಲ ಕಾರಣ ಬಚ್ಚಲುಮನೆಯ ಅಟ್ಟದ ಮೇಲಿರುವ ಒಂದು ನೀಲಿ ಡಬ್ಬಿ. ಅದರಲ್ಲಿರುವುದು ನೂರು ನಂಬರಿನ ಹೈಡ್ರಾಲಿಕ್ ಎಣ್ಣೆ. ನನ್ನ ಹೆಂಡತಿ ಶಾಂತಾ ಯಾವ ವಸ್ತುವನ್ನೂ ಬಿಸಾಡುವವಳಲ್ಲ. ಅಮಾವಾಸ್ಯೆಗೊಮ್ಮೆ ಡಬ್ಬಿ ಇಳಿಸಿ, ಹಳೇ ಬನೀನಿನ ತುಂಡಿಗೆ ಎಣ್ಣೆ ಅದ್ದಿ, ಮನೆಯ ಎಲ್ಲ ಕೀಲುಗಳಿಗೂ ಸವರುತ್ತಾಳೆ. “ಇದು ಯಾವಾಗ ಖಾಲಿ ಆಗ್ತದೆ?” ಎಂದು ನಾನು ಕೇಳಿದರೆ, “ನಿಮಗೆ ಬುದ್ಧಿ ಬಂದ ಮ್ಯಾಲೆ” ಎನ್ನುತ್ತಾಳೆ. ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಉಳಿದಿದೆ.

ನಾನು ಹರಿಹರದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಎಣ್ಣೆ ಪರೀಕ್ಷೆ ಮಾಡುವವನು. ಅಡುಗೆ ಎಣ್ಣೆಯಲ್ಲ, ಯಂತ್ರಗಳಿಗೆ ಹಾಕುವ ಎಣ್ಣೆ. ದಿನಾ ಬೆಳಿಗ್ಗೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ಹೊರಟು ಹರಿಹರಕ್ಕೆ ಹೋಗಿ, ಬಗ್ಗಿಸಿದ ಗಾಜಿನ ನಳಿಗೆಯಲ್ಲಿ ಎಣ್ಣೆ ಬಿಟ್ಟು, ಅದು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂದು ಬರೆದಿಟ್ಟು, ಸಂಜೆ ಮನೆಗೆ ಬರುತ್ತೇನೆ. ಎಣ್ಣೆ ಎಷ್ಟು ಗಟ್ಟಿ, ಎಷ್ಟು ತೆಳು, ತನ್ನ ಭಾರಕ್ಕೆ ತಾನೇ ಎಷ್ಟು ಬೇಗ ಹರಿಯುತ್ತದೆ ಎಂಬುದೇ ಲೆಕ್ಕ. ಅದಕ್ಕೆ ಕೈನೆಮ್ಯಾಟಿಕ್ ವಿಸ್ಕಾಸಿಟಿ ಎಂದು ಹೆಸರು. ಶಾಲೆಯ ಪುಸ್ತಕ ಅದನ್ನೇ ಸ್ನಿಗ್ಧತೆ ಎನ್ನುತ್ತಿತ್ತು. ನನ್ನ ತಾಯಿ ಮಾತ್ರ ಕೊನೆಯವರೆಗೂ, “ನನ್ನ ಮಗ ಎಣ್ಣೆ ಸೋರೋದನ್ನ ನೋಡ್ಕೋತ ಕೂಡ್ತಾನೆ, ಅದಕ್ಕೆ ಸಂಬಳ ಕೊಡ್ತಾರಂತೆ” ಎಂದು ಬೀದಿಯವರಿಗೆಲ್ಲ ಆಶ್ಚರ್ಯದಿಂದ ಹೇಳುತ್ತಿದ್ದಳು.

ಅವಳ ಆಶ್ಚರ್ಯಕ್ಕೆ ಹಳೆಯ ಕಾರಣವಿತ್ತು. ಚಿಕ್ಕವನಿದ್ದಾಗ ನನಗೆ ಎಣಿಸುವ ಚಾಳಿ. ನಲ್ಲಿಯ ಹನಿ ಎಣಿಸುತ್ತಿದ್ದೆ, ಊಟಕ್ಕೆ ಕೂತವರು ನುಂಗಿದ ತುತ್ತು ಎಣಿಸುತ್ತಿದ್ದೆ, ಒಮ್ಮೆ ಮನೆಗೆ ಬಂದಿದ್ದ ಸ್ವಾಮಿಗಳು ಎಷ್ಟು ಸಲ ಕೆಮ್ಮಿದರು ಎಂಬುದನ್ನು ಅವರಿಗೇ ತಿಳಿಸಿದ್ದೆ. ಹುಡುಗನಿಗೆ ಏನೋ ಗಾಳಿ ಸೋಕಿದೆ ಎಂದು ತಾಯಿ ನನ್ನನ್ನು ಗಾಳಿ ಬಿಡಿಸುವುದಕ್ಕೆ ಹೆಸರಾದ ಉಕ್ಕಡಗಾತ್ರಿಗೆ ಕರೆದುಕೊಂಡು ಹೋದಳು. ಕರಿಬಸಜ್ಜನ ಗದ್ದುಗೆಗೆ ಕೈ ಮುಗಿಸಿ, ಹೊಳೆಯಲ್ಲಿ ಮೂರು ಸಲ ಮುಳುಗಿಸಿದಳು. ನಾಲ್ಕನೆಯ ಸಲ ಮುಳುಗಿಸಲು ಬಂದಾಗ, “ಮೂರಾಯ್ತಮ್ಮಾ” ಎಂದೆನಂತೆ. ಅವಳು ಕೈ ಚೆಲ್ಲಿ ಮನೆಗೆ ಕರೆತಂದಳು.

ಹೀಗೆ ದೇವರೂ ಬಿಡಿಸಲಾಗದ ಲೆಕ್ಕದ ಹುಚ್ಚು ನನ್ನದು. ಅಂಥವನೇ ಲೆಕ್ಕ ತಪ್ಪಿದ ಕತೆ ಇದು. ನನ್ನ ಬಾಯಿಂದಲೇ ಕೇಳಿದರೆ ಸ್ವಲ್ಪ ಮರ್ಯಾದೆ ಉಳಿದೀತು ಎಂದು ನಾನೇ ಹೇಳುತ್ತಿದ್ದೇನೆ.

ಕೆ.ಬಿ. ಬಡಾವಣೆಯಲ್ಲಿ ಕೊಟ್ರಪ್ಪನ ಕ್ಷೌರದ ಅಂಗಡಿ ಇದೆ. ಅಲ್ಲಿ ಇರುವುದು ಒಂದೇ ಕುರ್ಚಿ. ಆದರೆ ಅಂಥ ಕುರ್ಚಿ ಊರಿನಲ್ಲಿ ಇನ್ನೊಂದಿಲ್ಲ. ಹಿಂದೆ ಇಲ್ಲಿಯ ಒಂದು ಹತ್ತಿ ಮಿಲ್ಲಿನ ಬಂಗಲೆಯಲ್ಲಿ ದೊಡ್ಡ ಸಾಹೇಬರ ಕ್ಷೌರಕ್ಕೆಂದೇ ಇಂಗ್ಲೆಂಡಿನಿಂದ ತರಿಸಿದ್ದಂತೆ. ಸಾಹೇಬರು ಹೋದ ಮೇಲೆ ಅವರಿಗೆ ಕ್ಷೌರ ಮಾಡುತ್ತಿದ್ದ ಕೊಟ್ರಪ್ಪನ ತಂದೆಗೆ ಕುರ್ಚಿ ಬಂತು. ಬಿಳಿ ಪಿಂಗಾಣಿಯ ಕೈಗಳು, ಕೆಂಪು ಚರ್ಮದ ಒರಗು, ಅಡಿಯಲ್ಲಿ ಕಬ್ಬಿಣದ ದಪ್ಪ ಕಂಬ. ಪಕ್ಕದ ಪೆಡಲನ್ನು ಕಾಲಿನಿಂದ ಒತ್ತಿದರೆ ಒಳಗಿನ ಎಣ್ಣೆ ಕುರ್ಚಿಯನ್ನು ಎತ್ತುತ್ತದೆ. ಹಿಂದಿನ ಹಿಡಿಯನ್ನು ಎಳೆದರೆ ಎಣ್ಣೆ ಮರಳಿ ಕೆಳಗೆ ಹೋಗಿ ಕುರ್ಚಿ ಇಳಿಯುತ್ತದೆ.

ನಾನು ಚಿಕ್ಕವನಿದ್ದಾಗ ಆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟು, ನನ್ನನ್ನು ಅದರ ಮೇಲೆ ಕೂರಿಸುತ್ತಿದ್ದರು. ಹಲಗೆಯ ಮೇಲೆ ಕೂತವರಿಗೆ ಕುರ್ಚಿ ಎತ್ತುವ ಅಗತ್ಯವಿಲ್ಲ. ದೊಡ್ಡವರಿಗೆ ಮಾತ್ರ ‘ಉಸ್ಸ್, ಉಸ್ಸ್’ ಎಂದು ಮೇಲೇರುವ ಭಾಗ್ಯ. ನನ್ನ ಕೂದಲು ಕತ್ತರಿಸಿಯಾದ ಮೇಲೆ ತಂದೆ ಕೂರುತ್ತಿದ್ದರು. ಅವರು ಮೇಲೇರುವುದನ್ನು ಬಾಯಿಬಿಟ್ಟು ನೋಡುತ್ತ, ಎಷ್ಟು ಸಲ ಪೆಡಲು ಒತ್ತಿದರು ಎಂದು ಎಣಿಸುತ್ತಿದ್ದೆ. ಹನ್ನೊಂದು. ಮೊದಲ ಸಲ ಹಲಗೆ ಇಲ್ಲದೆ ಕೂತ ದಿನ ನಾನು ಹೈಸ್ಕೂಲಿಗೆ ಸೇರಿದ್ದಕ್ಕಿಂತ ಹೆಚ್ಚು ಬೀಗಿದ್ದೆ.

ಕೊಟ್ರಪ್ಪ ನನಗಿಂತ ಐದಾರು ವರ್ಷ ದೊಡ್ಡವನು, ಎತ್ತರದಲ್ಲಿ ಮಾತ್ರ ನನ್ನ ಭುಜಕ್ಕೆ ಬರುತ್ತಾನೆ. ಕುರ್ಚಿಯನ್ನು ಸರಿಯಾದ ಎತ್ತರಕ್ಕೆ ನಿಲ್ಲಿಸಿದರೆ ಅವನ ಕೈಗೆ ಸಮ ಯಾರೂ ಇಲ್ಲ. ಮಿಲ್ಲು ಮುಚ್ಚಿದ ಮೇಲೂ ಅಲ್ಲಿಯ ಒಬ್ಬ ಫಿಟ್ಟರು ವರ್ಷಕ್ಕೊಮ್ಮೆ ಬಂದು ಕುರ್ಚಿಗೆ ಎಣ್ಣೆ ಹಾಕಿ ಹೋಗುತ್ತಿದ್ದ. ಅವನು ತೀರಿಕೊಂಡ. ಆಮೇಲೊಮ್ಮೆ ಎಣ್ಣೆ ಕಮ್ಮಿಯಾದಾಗ ಕೊಟ್ರಪ್ಪ ತಾನೇ ಮೇಲೆಬಿದ್ದು ಹೊಲಿಗೆ ಯಂತ್ರದ ಎಣ್ಣೆ ತಂದು ಸುರಿದ. ಅದು ನೀರಿನಷ್ಟು ತೆಳು. ಅಂದಿನಿಂದ ಕುರ್ಚಿ ಕೂತಲ್ಲಿ ಕೂರದಾಯಿತು.

ಅನುಭವಿಸಿದವರಿಗೇ ಗೊತ್ತು. ಕೆನ್ನೆಗೆ ನೊರೆ ಹಚ್ಚುವಾಗ ಕನ್ನಡಿಯಲ್ಲಿ ನಿಮ್ಮ ಮುಖ ಪೂರ್ತಿ ಕಾಣುತ್ತದೆ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಗದ್ದ ಕಾಣುವುದಿಲ್ಲ. ಎರಡನೆಯ ಕೆನ್ನೆ ಮುಗಿಯುವಷ್ಟರಲ್ಲಿ ಕನ್ನಡಿಯಲ್ಲಿ ಉಳಿಯುವುದು ನಿಮ್ಮ ಹಣೆ ಮತ್ತು ನಿಮ್ಮ ಚಿಂತೆ ಮಾತ್ರ. ಗಂಟಲಿಗೆ ಬರುವಾಗ ಕೊಟ್ರಪ್ಪ ಮೊಣಕಾಲೂರಿ ಕೂತಿರುತ್ತಿದ್ದ. ಕತ್ತಿ ಇದ್ದಲ್ಲೇ ಇದ್ದು ಗಂಟಲು ತಾನಾಗಿಯೇ ಕೆಳಗಿಳಿಯುವುದು ಬಲು ಕೆಟ್ಟ ಅನುಭವ. ಒಬ್ಬೊಬ್ಬರಾಗಿ ಗಿರಾಕಿಗಳು ಎದುರಿನ ಹೊಸ ಪಾರ್ಲರಿಗೆ ದಾಟಿದರು. ಅಲ್ಲಿ ಎ.ಸಿ. ಇತ್ತು, ಇದ್ದಲ್ಲೇ ಇರುವ ಮೂರು ಕುರ್ಚಿಗಳಿದ್ದವು.

ಒಂದು ಭಾನುವಾರ ಕೊಟ್ರಪ್ಪ ನನ್ನ ಗಲ್ಲಕ್ಕೆ ನೊರೆ ಹಚ್ಚುತ್ತ ಹೇಳಿದ: “ಲ್ಯಾಬ್ ಸರ, ವೀರಭದ್ರಪ್ಪನೋರ ಮೊಮ್ಮಗನ ಮದುವಿ ಐತೆ. ಅವರ ಮನ್ಯಾಗೆ ಮದುಮಗನ ಕ್ಷೌರ ಈ ಕುರ್ಚಿ ಮ್ಯಾಲೇ ಆಗಬೇಕು. ಅಜ್ಜಂದು ಇದ್ರ ಮ್ಯಾಲೆ, ಅಪ್ಪಂದೂ ಇದ್ರ ಮ್ಯಾಲೆ. ಈಗ ಮದುಮಗ ಆಗಿ ಬರೋ ಹುಡುಗನ್ನ ನೆಲಕ್ಕೆ ಇಳಿಸಿ ಕಳಿಸ್ಲೇನ್ರಿ? ಇದೊಂದು ಆಗ್ಲಿಲ್ಲಂದ್ರೆ ನಾನು ಇದನ್ನ ಗುಜರಿಗೆ ಹಾಕಿ ಎದುರುಗಡೆ ಪಾರ್ಲರಿಗೆ ಕೆಲಸಕ್ಕೆ ಹೊಕ್ಕೀನಿ. ಅವರು ಕರೀತಾನೇ ಅದಾರೆ.”

ವೀರಭದ್ರಪ್ಪನವರು ಹತ್ತಿ ವ್ಯಾಪಾರದ ಹಳೇ ಮನೆತನದವರು. ಅವರ ಮನೆಯ ಮದುಮಗ ಬಂದು ಹೋದ ಅಂಗಡಿಗೆ ಊರು ಮತ್ತೆ ಬರುತ್ತದೆ. ಮದುಮಗ ಜಾರಿದ ಅಂಗಡಿಗೆ ಯಾರೂ ಬರುವುದಿಲ್ಲ. ಅರವತ್ತರ ಹೊಸ್ತಿಲಲ್ಲಿರುವ ಕೊಟ್ರಪ್ಪ ಎದುರಿನ ಅಂಗಡಿಯಲ್ಲಿ ಕರಿ ಟೀ ಶರ್ಟು ತೊಟ್ಟು, ಬೇರೆಯವರ ಕುರ್ಚಿಯ ಹಿಂದೆ ನಿಲ್ಲುವುದನ್ನು ನೆನೆಯಲು ನನ್ನಿಂದಾಗಲಿಲ್ಲ.

“ಸರಿಯಾದ ಎಣ್ಣೆ ಹಾಕಿದರೆ ಆಯ್ತು. ಯಾವ ಎಣ್ಣೆ ಅಂತ ಎಲ್ಲಾದರೂ ಬರೆದಿದೆಯಾ?” ಎಂದೆ.

“ಅಡೀಗೆ ಏನೋ ನಂಬರ್ ಕುಟ್ಟ್ಯಾರೆ ನೋಡ್ರಿ. ನಾನು ಇಷ್ಟು ದಿವ್ಸ ಅದು ಕಂಪನಿಯವರ ಫೋನ್ ನಂಬರ್ ಅಂತ ತಿಳಕೊಂಡಿದ್ದೆ. ಒಂದ್ಸಲ ಹಚ್ಚಿಯೂ ನೋಡೀನಿ.”

ನಾನು ನೆಲದ ಮೇಲೆ ಅಂಗಾತ ಮಲಗಿ ಕುರ್ಚಿಯ ಅಡಿಗೆ ತಲೆ ತೂರಿಸಿದೆ. ಮಿಲ್ಲಿನ ಎಂಜಿನಿಯರ್ ಯಾರೋ ಉಳಿ ಹಿಡಿದು ಕಬ್ಬಿಣದ ಮೇಲೆ ಇಂಗ್ಲಿಷಿನಲ್ಲಿ ಕುಟ್ಟಿದ್ದ: ಎಣ್ಣೆ, 0.00035 ಚದರ ಅಡಿ ಪ್ರತಿ ಸೆಕೆಂಡಿಗೆ, 100 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ. ಮಿಲ್ಲಿನ ಎಲ್ಲ ಯಂತ್ರಗಳಿಗೂ ಹೀಗೆ ಕುಟ್ಟುವುದು ಅವರ ಪದ್ಧತಿಯಿರಬೇಕು, ಕ್ಷೌರದ ಕುರ್ಚಿಯನ್ನೂ ಬಿಟ್ಟಿರಲಿಲ್ಲ. ನನಗೆ ರೋಮಾಂಚನವಾಯಿತು. ನನ್ನ ವಿದ್ಯೆಯನ್ನು ಕೇಳುವ ಒಂದು ವಸ್ತು ಕಾರ್ಖಾನೆಯ ಹೊರಗೆ ಸಿಕ್ಕಿದ್ದು ಅದೇ ಮೊದಲು. ಗಡ್ಡಕ್ಕೆ ಅರ್ಧ ನೊರೆ ಇರುವಾಗಲೇ ಎದ್ದು ಕಾಗದ ಪೆನ್ನು ಕೇಳಿದೆ.

“ಮೊಬೈಲ್‌ನಾಗೆ ನೋಡ್ರಲ್ಲ ಸರ, ಎಲ್ಲಾ ಬರ್ತೈತೆ” ಎಂದ ಕೊಟ್ರಪ್ಪ.

“ಮೊಬೈಲ್ ಯಾಕೋ ಮಾರಾಯ, ನಾನಿಲ್ಲವಾ?” ಎಂದೆ. ಈ ಮಾತು ಆಮೇಲೆ ನನ್ನನ್ನು ಬಹಳ ದಿನ ಚುಚ್ಚಿತು.

ಲ್ಯಾಬಿನಲ್ಲಿ ನಮಗೆ ಎಲ್ಲವೂ ಸೆಂಟಿಸ್ಟೋಕ್ಸ್ ಎಂಬ ಒಂದೇ ಅಳತೆಯಲ್ಲಿ. ಅಂಗಡಿಯಲ್ಲಿ ಸಿಗುವ ಎಣ್ಣೆಯ ಡಬ್ಬಿಯ ಮೇಲಿನ ನಂಬರೂ ಅದೇ: ಮೂವತ್ತೆರಡು, ನಲವತ್ತಾರು, ಅರವತ್ತೆಂಟು, ನೂರು. ನಂಬರು ಹೆಚ್ಚಿದಷ್ಟೂ ಎಣ್ಣೆ ಗಟ್ಟಿ. ಇಂಗ್ಲಿಷರ ಅಡಿಯನ್ನು ನಮ್ಮ ಮೀಟರಿಗೆ ತಿರುಗಿಸುವ ಪ್ರಸಂಗ ಇಪ್ಪತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಬಂದಿರಲಿಲ್ಲ.

ನೋಡಿ, ನಮ್ಮ ಊರಿನಲ್ಲಿ ಎರಡೂ ಅಳತೆಗಳು ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡ ಓರಗಿತ್ತಿಯರ ಹಾಗೆ ಬದುಕುತ್ತವೆ. ಹುಡುಗನ ಎತ್ತರ ಅಡಿಯಲ್ಲಿ, ಅವನ ಸೂಟಿನ ಬಟ್ಟೆ ಮೀಟರಿನಲ್ಲಿ. ಜ್ವರ ಫ್ಯಾರನ್‌ಹೀಟಿನಲ್ಲಿ, ಬಿಸಿಲು ಸೆಲ್ಸಿಯಸ್ಸಿನಲ್ಲಿ. ನಲವತ್ತು ಡಿಗ್ರಿ ಬಿಸಿಲಿಗೆ ಒದ್ದಾಡಿದವನು ಮನೆಗೆ ಬಂದು ನೂರೊಂದು ಡಿಗ್ರಿ ಜ್ವರ ಎಂದು ಮಲಗುತ್ತಾನೆ, ಯಾವುದು ಹೆಚ್ಚು ಎಂದು ಯಾರೂ ಕೇಳುವುದಿಲ್ಲ. ಮಲ್ಲಿಗೆಯನ್ನು ಮೊಳದಲ್ಲಿ ಕೊಂಡು, ಮಂಡಕ್ಕಿಯನ್ನು ಸೇರಿನಲ್ಲಿ ಅಳೆಸಿಕೊಂಡು, ಖಾರಕ್ಕೆ ಗ್ರಾಮಿನ ತಕ್ಕಡಿಗೆ ಹೋಗುತ್ತೇವೆ. ಒಂದನ್ನು ಇನ್ನೊಂದಕ್ಕೆ ತಿರುಗಿಸದೆ ಇರುವುದೇ ನಮ್ಮ ನೆಮ್ಮದಿಯ ಗುಟ್ಟು ಇರಬಹುದು.

ಆದರೆ ನಾನು ತಿರುಗಿಸಿದೆ. ಮೊದಲು ನೂರು ಡಿಗ್ರಿ ಫ್ಯಾರನ್‌ಹೀಟು ಹಿಡಿದುಕೊಂಡೆ. ಮೂವತ್ತೆರಡು ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿ, ಮೂವತ್ತೇಳು ಬಿಂದು ಎಂಟು ಎಂದು ದಶಮಾಂಶದ ಸಮೇತ ಬರೆದೆ. ಡಬ್ಬಿಯ ನಂಬರು ನಲವತ್ತು ಡಿಗ್ರಿಯಲ್ಲಿ ಅಳೆದದ್ದು, ಈ ಎರಡು ಡಿಗ್ರಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ ಎಂದು ಕೊಟ್ರಪ್ಪನಿಗೆ ಹತ್ತು ನಿಮಿಷ ವಿವರಿಸಿದೆ. ಅವನು ಕತ್ತಿ ಹಿಡಿದು ಕೈ ಕಟ್ಟಿ ಕೇಳಿದ. ಆಮೇಲೆ ಅಡಿ. ಒಂದು ಅಡಿಗೆ 0.3048 ಮೀಟರು, ಇದು ನನಗೆ ಬಾಯಿಪಾಠ. ಗುಣಿಸಿದೆ. ಸೆಂಟಿಸ್ಟೋಕ್ಸಿಗೆ ಬರಲು ಹತ್ತು ಲಕ್ಷದಿಂದ ಗುಣಿಸಿದೆ. ನೂರಾ ಆರು ಚಿಲ್ಲರೆ ಬಂತು.

“ನೂರು ನಂಬರ್ ಎಣ್ಣೆ!” ಎಂದು ಸಾರಿದೆ.

“ಇಲ್ಲೂ ನೂರು ಅಂತ ಕುಟ್ಟ್ಯಾರಲ್ಲ ಸರ, ಹೊಂದ್ತು ಬಿಡ್ರಿ” ಎಂದು ಕೊಟ್ರಪ್ಪ ಡಿಗ್ರಿಯ ನೂರನ್ನು ತೋರಿಸಿ ಸಂತೋಷಪಟ್ಟ. ಅದು ಬೇರೆ ನೂರು ಎಂದು ಹೇಳಲು ಹೋದೆ. ಅವನ ಮುಖ ನೋಡಿ ಬಿಟ್ಟೆ.

ಹರಿಹರದಿಂದ ನಾನೇ ನೀಲಿ ಡಬ್ಬಿ ತಂದೆ. ಮದುವೆಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಹಳೇ ಎಣ್ಣೆ ತೆಗೆದು ಹೊಸದು ತುಂಬಿದೆವು. ಜನವರಿಯ ಚಳಿ ಇತ್ತು. ವೀರಭದ್ರಪ್ಪನವರು ಬಿಳಿ ಪಂಚೆ, ಕರಿ ಕೋಟು ತೊಟ್ಟು, ಮೊಮ್ಮಗ ವಿನಯನನ್ನು ಮುಂದಿಟ್ಟುಕೊಂಡು ಬಂದರು. ಹುಡುಗನ ಮೈಗೆ ಅರಿಶಿನ, ಕೈಯಲ್ಲಿ ಕಂಕಣ. ಹಿಂದೆ ನಾಲ್ಕು ಜನ ಗೆಳೆಯರು, ಅವರ ಕೈಯಲ್ಲಿ ನಾಲ್ಕು ಮೊಬೈಲು.

ಕೊಟ್ರಪ್ಪ ಪೆಡಲು ಒತ್ತಿದ. ಅದು ಒತ್ತಿಸಿಕೊಳ್ಳಲಿಲ್ಲ. ಎರಡೂ ಕಾಲು ಇಟ್ಟು ಅದರ ಮೇಲೆ ನಿಂತ. ನಿಧಾನವಾಗಿ ಕೆಳಗಿಳಿಯಿತು, ಕುರ್ಚಿ ಒಂದು ಬೆರಳಷ್ಟು ಏರಿತು. “ಹೊಸ ಎಣ್ಣೆ, ಪಳಗಬೇಕು” ಎಂದು ನಾನು ತಜ್ಞನಂತೆ ಹೇಳಿ, ನಾನೂ ಹೋಗಿ ತುಳಿದೆ. ಇಬ್ಬರೂ ಸರದಿಯಲ್ಲಿ ಹತ್ತಿ ಇಳಿದು ಮದುಮಗನನ್ನು ಎತ್ತಿದೆವು. ಖುಷಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ತಿಳಿಯದೆ ಬೇಕಾದ್ದಕ್ಕಿಂತ ಒಂದು ಗೇಣು ಮೇಲೆ ಹೋದ. ಕೊಟ್ರಪ್ಪ ಸ್ಟೂಲು ಹತ್ತಿ ಕ್ಷೌರ ಮಾಡಿದ.

ಆದರೆ ಏನು ಹೇಳಲಿ, ಕುರ್ಚಿ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ! ಕೆನ್ನೆ ಆಯಿತು, ಗದ್ದ ಆಯಿತು, ಗಂಟಲು ಆಯಿತು. ಕನ್ನಡಿಯಲ್ಲಿ ಮದುಮಗ ಇದ್ದ ಹಾಗೇ ಇದ್ದ. ಕೊಟ್ರಪ್ಪ ಸ್ಟೂಲಿನ ಮೇಲಿಂದ ನನ್ನ ಕಡೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು. ನಾನು ಮೀಸೆ ತಿರುವಿದೆ.

ಆಮೇಲೆ ಇಳಿಸುವ ಹಿಡಿ ಎಳೆದ.

ಏನೂ ಆಗಲಿಲ್ಲ. ಮತ್ತೆ ಎಳೆದ. ನಾನು ಎಳೆದೆ. ಗೆಳೆಯನೊಬ್ಬ ಎಳೆದ. ಇನ್ನೊಬ್ಬ ಮೊಬೈಲಿನಲ್ಲಿ ಚಿತ್ರ ಹಿಡಿಯತೊಡಗಿದ. ಹುಡುಗ ಜಿಗಿಯಲು ಹೊರಟ. ವೀರಭದ್ರಪ್ಪನವರು ಕೋಲು ಅಡ್ಡ ಹಿಡಿದರು. “ಕಂಕಣ ಕಟ್ಟಿದ ಹುಡುಗ ಹಾರಬಾರ್ದು. ನಾಳೆ ಸಪ್ತಪದಿಗೆ ಕುಂಟಬೇಕೇನು? ಕೂಡು. ಇಳಿದೇ ಇಳೀತೈತೆ. ನಮ್ಮ ಕಾಲ್ದಾಗೆ ಪಲ್ಲಕ್ಕಿ ಇಳಿಸಿದಂಗೆ ಇಳೀತಿತ್ತು.”

ಕುರ್ಚಿ ಇಳಿಯುತ್ತಿರಲಿಲ್ಲವೆಂದಲ್ಲ, ಇಳಿಯುತ್ತಿತ್ತು. ಎಣಿಸುವ ಚಾಳಿಯವನಾದ ನಾನು ಗಡಿಯಾರ ನೋಡಿದೆ. ಐದು ನಿಮಿಷಕ್ಕೆ ಒಂದು ನೂಲಿನಷ್ಟು. ಕಲ್ಯಾಣಮಂಟಪದಿಂದ ಮೊದಲ ಫೋನು ಬಂತು. ಹುಡುಗ ಎಲ್ಲಿ ಎಂದರೆ, ಮೇಲಿದ್ದಾನೆ ಎಂದ ಗೆಳೆಯ. ಎರಡನೆಯ ಫೋನು ಹುಡುಗನ ತಾಯಿಯದು. ಮೂರನೆಯದು ಹುಡುಗಿಯ ಕಡೆಯವರದು; ಅದನ್ನು ಯಾರೂ ಎತ್ತಲಿಲ್ಲ. ಕೊನೆಗೆ ಗಿರಾಕಿಗಳು ಕೂರುವ ಬೆಂಚನ್ನು ಎಳೆದು ತಂದು, ಅದರ ಮುಂದೆ ಸ್ಟೂಲಿಟ್ಟು ಮೆಟ್ಟಿಲು ಮಾಡಿದೆವು. ನಾಲ್ಕು ಜನ ಹಿಡಿದು ಮದುಮಗನನ್ನು ಇಳಿಸಿದರು. ಎದುರಿನ ಪಾರ್ಲರಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ವೀರಭದ್ರಪ್ಪನವರು ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾದದ್ದು. ಕುರ್ಚಿಯ ಪಿಂಗಾಣಿ ಕೈ ಸವರಿ, “ಕೊಟ್ರಪ್ಪ, ಇದಕ್ಕೂ ನನ್ನಂಗೆ ವಯಸ್ಸಾತು. ಕಳಿಸಿಬಿಡಪ್ಪ” ಎಂದು ಹೊರಟುಹೋದರು.

ಕೊಟ್ರಪ್ಪ ನನ್ನ ಮುಖ ನೋಡಿದ. ಆಗ ನಾನು ಜೀವನದ ಅತ್ಯಂತ ಅಗ್ಗದ ಮಾತೊಂದನ್ನು ಆಡಿದೆ. “ಎಣ್ಣೆ ಸರಿ ಇದೆ. ಒಳಗಿನ ವಾಷರ್ ಹೋಗಿರಬೇಕು. ಜೊತೆಗೆ ಚಳಿ ಬೇರೆ.”

“ಈ ವಾಷರ್ ಎಲ್ಲಿ ಸಿಗ್ತೈತ್ರಿ?”

“ಇಷ್ಟು ಹಳೇದಕ್ಕೆ ಎಲ್ಲೂ ಸಿಗಲ್ಲ.”

“ಹಂಗಾರ ಆತು ಬಿಡ್ರಿ. ಬುಧವಾರ ಗುಜರಿಯೋನು ಗಾಡಿ ತರ್ತಾನೆ” ಎಂದು ಅವನು ಸ್ಟೂಲು ಒರೆಸತೊಡಗಿದ. ಖಾಲಿ ಕುರ್ಚಿ ಅಷ್ಟೆತ್ತರದಲ್ಲೇ ಮಧ್ಯಾಹ್ನದವರೆಗೂ ನಿಂತಿತ್ತಂತೆ.

ಸೋಮವಾರ ಮದುವೆಯ ಊಟಕ್ಕೆ ನಾನು ಹೋಗಲಿಲ್ಲ. ಸಂಜೆ ಶಾಂತಾ ಮನೆಯ ಇ-ಖಾತೆಯ ಅರ್ಜಿ ಹರಡಿಕೊಂಡು ಕೂತಿದ್ದಳು. “ರೀ, ಸೈಟಿನ ಅಳತೀನ ಚದರ ಮೀಟರ್‌ನಾಗೆ ಬರೀರಿ ಅಂತ ಕೇಳ್ಯಾರೆ. ಮೂವತ್ತು ನಲವತ್ತು ಅಂದ್ರೆ ಎಷ್ಟು?” ಎಂದಳು. ನನಗೆ ಬೇಜಾರಿತ್ತು. ಆದರೂ ಲೆಕ್ಕ ಕೇಳಿದರೆ ಸುಮ್ಮನಿರುವ ಜಾತಿಯಲ್ಲ. ಸಾವಿರದಿನ್ನೂರು ಚದರ ಅಡಿ, ಗುಣಿಸು 0.3048. “ಮುನ್ನೂರಾ ಅರವತ್ತೈದು ಬಿಂದು ಏಳು ಆರು” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. “ಮುನ್ನೂರಾ ಅರವತ್ತೈದಾ? ಹಂಗಾರೆ ಪಕ್ಕದ ಎರಡು ಮನೀನೂ ನಮ್ಮವೇ ಏನು? ಕ್ರಯಪತ್ರದಾಗೆ ನೂರಾ ಹನ್ನೊಂದು ಚಿಲ್ರೆ ಅಂತ ಐತೆ ನೋಡ್ರಿ.”

“ಇಲ್ಲ, ಅಡಿಗೆ ಬಿಂದು ಮೂರು ಸೊನ್ನೆ ನಾಲ್ಕು ಎಂಟು...”

“ಅದು ಉದ್ದಕ್ಕೆ. ಅಗಲಕ್ಕೆ ಯಾರು ಮಾಡ್ತಾರೆ, ನಮ್ಮಣ್ಣನಾ? ಮೂವತ್ತಕ್ಕೊಂದ್ಸಲ, ನಲವತ್ತಕ್ಕೊಂದ್ಸಲ, ಎರಡು ಸಲ ಗುಣಿಸಬೇಕು. ಚದರ ಅಂದ್ರೆ ಎರಡು ಕಡೆ. ಸೈಟ್ ತಗೊಂಡ ಯಾರನ್ನ ಕೇಳಿದ್ರೂ ಹೇಳ್ತಾರೆ. ನೀವು ಲ್ಯಾಬಿನಾಗೆ ಏನು ಮಾಡ್ತೀರ್ರಿ?”

ನಾನು ಅವಳ ಪೆನ್ನು ಎತ್ತಿಕೊಂಡೆ. ಚದರ ಅಡಿ ಪ್ರತಿ ಸೆಕೆಂಡಿಗೆ. ಎಣ್ಣೆಯ ಅಳತೆಯೂ ಸೈಟಿನ ಹಾಗೇ ಚದರದಲ್ಲಿ! ಕುರ್ಚಿಯ ಅಡಿಯಲ್ಲಿ ಮಲಗಿ ನಾನೇ ಓದಿದ್ದೆ. ಉದ್ದಕ್ಕೆ ಒಮ್ಮೆ ಗುಣಿಸಿ ಅಗಲವನ್ನು ಬಿಟ್ಟಿದ್ದೆ. ಶಾಂತಾಳ ಅರ್ಜಿಯ ಹಿಂಬದಿಯಲ್ಲೇ ಇನ್ನೊಂದು ಸಲ 0.3048ರಿಂದ ಗುಣಿಸಿದೆ. ಮೂವತ್ತೆರಡು ಬಿಂದು ಐದು. ಅಂಗಡಿಯಲ್ಲಿ ಸಿಗುವ ಮೂವತ್ತೆರಡು ನಂಬರಿನ ಎಣ್ಣೆ, ಹೇಳಿ ಮಾಡಿಸಿದ ಹಾಗೆ. ನಾನು ಹಾಕಿಸಿದ್ದು ಅದಕ್ಕಿಂತ ಮೂರು ಪಾಲು ಗಟ್ಟಿ. ವಾಷರ್ ಏನೂ ಹೋಗಿರಲಿಲ್ಲ, ಹೋಗಿದ್ದು ನನ್ನ ಬುದ್ಧಿ.

ಸುಮ್ಮನಿದ್ದುಬಿಡಬಹುದಿತ್ತು. ಬುಧವಾರ ಗಾಡಿ ಬಂದು ಕುರ್ಚಿ ಹೋಗುತ್ತಿತ್ತು, ಅದರ ಜೊತೆಗೆ ನನ್ನ ತಪ್ಪೂ ಹೋಗುತ್ತಿತ್ತು. ಅರ್ಧ ಗಂಟೆ ಹಾಗೇ ಯೋಚಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೆಂಟು ವರ್ಷ ಎಣ್ಣೆ ಅಳೆದವನು ಒಂದು ಕುರ್ಚಿಗೆ ಎಣ್ಣೆ ಹೇಳಲಾರದೆ ಹೋದ ಎಂಬ ಮಾತು ಊರಿನಲ್ಲಿ ಹುಟ್ಟಿದರೆ, ಕ್ಷೌರದ ಅಂಗಡಿಯಲ್ಲಿ ಹುಟ್ಟಿದ ಮಾತು, ಸಂಜೆಯೊಳಗೆ ಹರಿಹರ ಮುಟ್ಟುತ್ತದೆ. ಆದರೆ ಸ್ಟೂಲಿನ ಮೇಲೆ ನಿಂತು ನನ್ನ ಕಡೆ ನೋಡಿದ ಕೊಟ್ರಪ್ಪನ ಕಣ್ಣು ನೆನಪಾಗಿ, ಊಟದ ತಟ್ಟೆ ಸರಿಸಿ ರಜೆ ಚೀಟಿ ಬರೆದೆ.

ಮಂಗಳವಾರ ರಜೆ ಹಾಕಿ, ಹರಿಹರಕ್ಕೆ ಹೋಗಿ ಮೂವತ್ತೆರಡು ನಂಬರಿನ ಡಬ್ಬಿ ತಂದೆ. ಮಂಗಳವಾರ ನಮ್ಮ ಕಡೆ ಕ್ಷೌರದ ಅಂಗಡಿಗಳು ಮುಚ್ಚಿರುತ್ತವೆ. ಕೊಟ್ರಪ್ಪನ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ, ಅವನು ಕುರ್ಚಿಯ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ.

“ನಾಳೆ ಗುಜರಿಗೆ ಹೋಗೋದಕ್ಕೆ ಯಾಕೆ ಇಷ್ಟು ಉಪಚಾರ?” ಎಂದೆ.

“ಹೊಲಸು ಇಟ್ಟು ಕಳಿಸಬಾರ್ದಲ್ರಿ.”

ನಾನು ಡಬ್ಬಿಯನ್ನು ನೆಲಕ್ಕಿಟ್ಟೆ. ಬರುವಾಗ ದಾರಿಯಲ್ಲಿ ಒಳ್ಳೊಳ್ಳೆಯ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. “ಕೊಟ್ರಪ್ಪ, ವಾಷರ್ ಸರಿ ಇದೆ. ಲೆಕ್ಕ ತಪ್ಪಿದ್ದು ನಾನು. ಒಂದು ಸಲ ಗುಣಿಸೋದನ್ನ ಮರೆತೆ. ಕುರ್ಚಿದೇನೂ ತಪ್ಪಿಲ್ಲ. ಮೊನ್ನೆ ನಿನ್ನ ಮುಂದೆ ಸುಳ್ಳು ಹೇಳಿದೆ.”

ಅವನು ಬಟ್ಟೆ ಹಿಡಿದ ಕೈ ನಿಲ್ಲಿಸಿದ. ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ. ಆಮೇಲೆ, “ಹಳೇದನ್ನ ತಗೀರಿ ಮೊದ್ಲು” ಎಂದ.

ಅಡಿಯ ಬಿರಡೆ ಬಿಚ್ಚಿ ಬಕೆಟ್ಟು ಇಟ್ಟೆವು. ನೂರು ನಂಬರಿನ ಎಣ್ಣೆ ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಇಳಿಯತೊಡಗಿತು. ನನ್ನ ತಪ್ಪು ಎಷ್ಟು ದೊಡ್ಡದು ಎಂದು 3.28 ಪಟ್ಟು ನಿಧಾನವಾಗಿ ತಿಳಿಯುತ್ತಿತ್ತು. ಬೇಗ ಸುರಿದಿದ್ದರೆ ಇಬ್ಬರಿಗೂ ಮಾತಾಡುವ ಕಷ್ಟವಿರುತ್ತಿರಲಿಲ್ಲ. ಇಬ್ಬರೂ ಬೆಂಚಿನ ಮೇಲೆ ಕೂತು ಬಕೆಟ್ಟನ್ನೇ ನೋಡಿದೆವು.

“ಲ್ಯಾಬ್ ಸರ,” ಎಂದ ಕೊಟ್ರಪ್ಪ ಬಕೆಟ್ಟಿನಿಂದ ಕಣ್ಣು ತೆಗೆಯದೆ, “ನಿಮ್ಮ ಮೀಸೆ ಎಡಗಡೆ ಒಂದೆಳಿ ಕಮ್ಮಿ ಐತೆ.”

“ಏನು?”

“ನಿಮ್ಮ ನಿಶ್ಚಿತಾರ್ಥದ ದಿವಸ ಕೈ ಜಾರಿತ್ತು. ಹೇಳಾಕೆ ಹೆದರಿಕಿ ಆತು. ಅವತ್ತಿಂದ ಬಲಗಡೀನ ಎಡಗಡೀಗೆ ಹೊಂದಿಸ್ಕೋತ ಬಂದೀನಿ, ಆದ್ರೂ ಪೂರಾ ಹೊಂದಿಲ್ಲ. ಕನ್ನಡೀನ ಒಂಚೂರು ವಾರೆ ಮಾಡಿ ತೂಗು ಹಾಕೀನಿ, ಅದಕ್ಕೇ ನಿಮಗೆ ಕಂಡಿಲ್ಲ.”

ನಾನು ಎದ್ದು ಕನ್ನಡಿ ನೋಡಿದೆ. ಅದು ನಿಜವಾಗಿಯೂ ವಾರೆಯಾಗಿತ್ತು. ಇಷ್ಟು ವರ್ಷ ಎಲ್ಲವನ್ನೂ ಎಣಿಸಿ ಅಳೆದವನಿಗೆ ತನ್ನ ಮೂಗಿನ ಕೆಳಗಿನದು ಕಂಡಿರಲಿಲ್ಲ. ನನಗೆ ನಗು ಬಂತು. ಅವನಿಗೂ ಬಂತು. ಶಟರಿನ ಹೊರಗೆ ಹೋಗುತ್ತಿದ್ದ ಯಾರೋ ಬಗ್ಗಿ ನೋಡಿ, ಎಣ್ಣೆಯ ಬಕೆಟ್ಟಿನ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ ಇಬ್ಬರು ಮುದುಕರನ್ನು ಕಂಡು ಮುಂದೆ ಹೋದರು.

ಬಕೆಟ್ಟಿನ ನೂರು ನಂಬರನ್ನು ಮನೆಗೆ ಒಯ್ಯಲೆಂದು ನೀಲಿ ಡಬ್ಬಿಗೇ ಮರಳಿ ಸುರಿದು, ಕುರ್ಚಿಗೆ ಮೂವತ್ತೆರಡು ನಂಬರು ತುಂಬಿದೆವು. “ಕೂಡ್ರಿ” ಎಂದ ಕೊಟ್ರಪ್ಪ. ಮಂಗಳವಾರ ಕತ್ತಿ ಮುಟ್ಟದ ಮನುಷ್ಯ ಕತ್ತಿ ತೆಗೆದ. ನಾನು ಕೂತೆ. ಉಸ್ಸ್, ಉಸ್ಸ್ ಎಂದು ಕುರ್ಚಿ ಏರಿತು. ಎಣಿಸಿದೆ, ಹನ್ನೊಂದಕ್ಕೆ ನಿಲ್ಲಿಸಿದ. ನೊರೆ ಹಚ್ಚಿ, ಕೆನ್ನೆ ಮುಗಿಸಿ, ಗದ್ದ ಮುಗಿಸಿ, ಗಂಟಲಿನ ಮೇಲೆ ಕತ್ತಿಯಿಟ್ಟು ಹಾಗೇ ನಿಂತ. ಇಬ್ಬರೂ ಉಸಿರು ಹಿಡಿದೆವು. ನನ್ನ ಲೆಕ್ಕವನ್ನು ಈ ಮೊದಲು ಯಾರೂ ನನ್ನ ಗಂಟಲಿನ ಮೇಲೆ ಪರೀಕ್ಷೆ ಮಾಡಿರಲಿಲ್ಲ. ಕುರ್ಚಿ ಅಲುಗಲಿಲ್ಲ. ಹಿಡಿ ಎಳೆದ. ವೀರಭದ್ರಪ್ಪನವರು ಹೇಳಿದ ಹಾಗೇ, ನಾಲ್ಕು ಜನ ಹುಷಾರಾಗಿ ಪಲ್ಲಕ್ಕಿ ಇಳಿಸಿದಂತೆ ನೆಲಕ್ಕೆ ಬಂದೆ. ಕೊಟ್ರಪ್ಪ ಮತ್ತೆ ಎತ್ತಿದ, ಮತ್ತೆ ಇಳಿಸಿದ. ಐದು ಸಲ ಹಾಗೇ ಮಾಡಿದ. ನಾನು ಬೇಡ ಎನ್ನಲಿಲ್ಲ.

ಗುಜರಿಯವನಿಗೆ ಆಗಲೇ ಫೋನು ಹಚ್ಚಿ, “ಬರಬ್ಯಾಡಪ್ಪ, ನಮ್ಮ ಕುರ್ಚಿಗೆ ಆರಾಮ ಆಗೈತೆ” ಎಂದ. ವೀರಭದ್ರಪ್ಪನವರಿಗೆ ತಾನೇ ಹೋಗಿ ಹೇಳಿಬಂದನಂತೆ. ಮುಂದಿನ ವಾರ ಅವರು ಖುದ್ದು ಬಂದು ಕೂತು, ಗಡ್ಡ ಮಾಡಿಸಿಕೊಂಡು, ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದರು. ಅವರ ಹಿಂದೆ ಊರೂ ಮೆಲ್ಲಗೆ ಮರಳಿತು.

ಈಗ ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಕನ್ನಡಿಯನ್ನು ನೆಟ್ಟಗೆ ಮಾಡಿದ್ದಾನೆ. ಅದರ ಪಕ್ಕದಲ್ಲಿ ಪೇಂಟರನಿಂದ ಒಂದು ಹಲಗೆ ಬರೆಸಿ ತೂಗುಹಾಕಿದ್ದಾನೆ. ನಾವಿಬ್ಬರೂ ಇಲ್ಲದ ಕಾಲಕ್ಕೂ ಈ ಕುರ್ಚಿಗೆ ಯಾವ ಎಣ್ಣೆ ಎಂದು ಗೊತ್ತಿರಬೇಕಂತೆ. ‘ಎಣ್ಣೆ ೩೨ ನಂಬರ್. ೧೦೦ ಅಲ್ಲ.’

ಮೊನ್ನೆ ಭಾನುವಾರ ಅಂಗಡಿ ತುಂಬ ಜನ. ನಾನು ಕುರ್ಚಿಯಲ್ಲಿ ಮೇಲಿದ್ದೆ, ತಲೆ ಹಿಂದಕ್ಕೆ ಒರಗಿಸಿ ಗಂಟಲು ಒಡ್ಡಿದ್ದೆ. ಬೆಂಚಿನ ಮೇಲಿದ್ದ ಹೊಸಬನೊಬ್ಬ ಹಲಗೆ ಓದಿ, “ನೂರು ಅಲ್ಲ ಅಂತ ಯಾಕ ಬರ್ಸೀರಿ? ಯಾರು ನೂರು ಹಾಕ್ತಾರ್ರಿ?” ಎಂದು ಕೇಳಿದ.

ಕೊಟ್ರಪ್ಪ ಕತ್ತಿ ನಿಲ್ಲಿಸಿದ. ಇಡೀ ಅಂಗಡಿ ಕಿವಿ ನೆಟ್ಟಗೆ ಮಾಡಿತು. ಹಿಂದಿನ ವರ್ಷದ ಮದುಮಗನ ಕತೆ ಅವರಿಗೆಲ್ಲ ಗೊತ್ತು, ಎಣ್ಣೆಯ ಕತೆ ಗೊತ್ತಿಲ್ಲ.

“ಹಿಂದೆ ಯಾರೋ ಒಬ್ರು ಹೇಳಿದ್ರಪ್ಪ,” ಎಂದ ಕೊಟ್ರಪ್ಪ, “ಊರು ಬಿಟ್ಟು ಹೋಗ್ಯಾರೆ ಅವರು. ಆದ್ರೂ ಒಳ್ಳೇ ಮನುಷ್ಯ. ಏನಂತೀರಿ, ಲ್ಯಾಬ್ ಸರ?”

ಕತ್ತಿ ಗಂಟಲಿನ ಮೇಲೇ ಇತ್ತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಉಗುಳು ಕೂಡ ನುಂಗಲಿಲ್ಲ.